ಐಸಿಎಲ್ ಹಾಕಿಸಿಕೊಂಡವರೂ ಕಣ್ಣು ತೋರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಮೈನಸ್ 8, ಮೈನಸ್ 10 ನಂಬರಿನ ಮಕ್ಕಳಿದ್ದರೆ ರೇಡಿಯೊ ಸೌಂಡ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಬೆಳಿಗ್ಗೆ ಎದ್ದ ತಕ್ಷಣ ದಿಂಬಿನ ಪಕ್ಕ ಕೈಯಾಡಿಸಿ ಕನ್ನಡಕ ಹುಡುಕುವವರು, ಶಾಲೆಯಲ್ಲಿ ಸೋಡಾಬುಡ್ಡಿ ಅನ್ನಿಸಿಕೊಂಡವರು, ನಿಮಗೇ ಈ ಮಾತು. ಐಸಿಎಲ್, ಅಂದರೆ ನಂಬರ್ ತೆಗೆಯೋಕೆ ಕಣ್ಣೊಳಗೇ ಒಂದು ಲೆನ್ಸ್ ಇಡುವ ಆಪರೇಷನ್, ಅದು ಏನು, ಯಾರಿಗೆ ಮಾಡ್ತಾರೆ ಅಂತ ಹೇಳಿ ಅಂದಿದ್ದಾರೆ ನಿಲಯದವರು. ಹೇಳುತ್ತೇನೆ. ಆದರೆ ನನಗೆ ಮುಖ್ಯ ಅನಿಸುವುದು ಒಂದೇ ವಿಷಯ, ಸಮಯ ಸಾಲದೆ ಹೋದರೆ ಕಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್‌ನಿಂದ ನಂಬರ್ ಹೋಗುತ್ತದೆ, ಉದ್ದ ಬೆಳೆದ ಕಣ್ಣು ಉದ್ದವಾಗಿಯೇ ಉಳಿಯುತ್ತದೆ. ಹಾಗಾಗಿ ಆಪರೇಷನ್‌ಗೆ ಮುಂಚೆಯೂ, ಆದಮೇಲೆ ವರ್ಷಕ್ಕೊಂದು ಸಲವೂ, ಪಾಪೆ ಅಗಲ ಮಾಡುವ ಹನಿ ಹಾಕಿಸಿಕೊಂಡು ಕಣ್ಣಿನ ಹಿಂಭಾಗ ನೋಡಿಸಬೇಕು.

ಈಗ ಆಪರೇಷನ್ ವಿಚಾರ. ಲಾಸಿಕ್ ಹೆಸರು ಎಲ್ಲರೂ ಕೇಳಿದ್ದೀರಿ. ಅದರಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು ಲೇಸರ್‌ನಿಂದ ಸವೆಸುತ್ತೇವೆ. ಆ ಪದರ ಇರುವುದೇ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ನಂಬರ್ ಜಾಸ್ತಿಯಾದಷ್ಟೂ ಜಾಸ್ತಿ ಸವೆಸಬೇಕು. ಮೈನಸ್ 10ಕ್ಕೆ ಎಷ್ಟು ಸವೆಸೋದು, ಎಷ್ಟು ಉಳಿಸೋದು? ಅದಕ್ಕೇ ದೊಡ್ಡ ನಂಬರಿನವರಿಗೆ, ಕಾರ್ನಿಯಾ ತೆಳ್ಳಗಿರುವವರಿಗೆ ಐಸಿಎಲ್. ಇದರಲ್ಲಿ ಏನನ್ನೂ ಸವೆಸುವುದಿಲ್ಲ. ಕಾರ್ನಿಯಾದ ಅಂಚಿನಲ್ಲಿ ಸುಮಾರು 3 ಮಿಲಿಮೀಟರ್ ಸೀಳು ಮಾಡಿ, ಸುರುಳಿ ಸುತ್ತಿದ ಮೆತ್ತನೆಯ ಲೆನ್ಸ್ ಒಳಗೆ ಬಿಡುತ್ತೇವೆ. ಅದು ಒಳಗೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಅದರ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಐರಿಸ್ ಹಿಂದಕ್ಕೆ ಸೇರಿಸುತ್ತೇವೆ. ಐರಿಸ್ ಅಂದರೆ ಕಣ್ಣಿನ ಬಣ್ಣದ ಭಾಗ. ಅದರ ಹಿಂದೆ, ದೇವರು ಕೊಟ್ಟ ಲೆನ್ಸಿನ ಮುಂದೆ, ಈ ಹೊಸ ಲೆನ್ಸ್ ಕೂರುತ್ತದೆ. ಇಂಜೆಕ್ಷನ್ ಇಲ್ಲದೆ, ಕಣ್ಣು ಮರಗಟ್ಟಿಸುವ ಹನಿ ಹಾಕಿಯೇ ಮಾಡಬಹುದು. ರಾತ್ರಿ ತೆಗೆದಿಡಬೇಕಾ ಅಂತ ಕೇಳುತ್ತಾರೆ. ಬೇಡ. ಮುಂದೆ ಬೇಕಾದರೆ ಡಾಕ್ಟರೇ ಹೊರಗೆ ತೆಗೆಯಬಹುದು, ಅದೊಂದು ಅನುಕೂಲ.

ಈ ಯೋಚನೆ ಹೊಸದಲ್ಲ. 1986ರಲ್ಲೇ ಮಾಸ್ಕೋದಲ್ಲಿ ಫ್ಯೋದೊರೋವ್ ಅನ್ನುವ ಸರ್ಜನ್ ಇಂಥ ಒಂದು ಸಿಲಿಕೋನ್ ಲೆನ್ಸ್ ಹಾಕಿದ್ದರು. ಅಮೆರಿಕದಲ್ಲಿ ಐಸಿಎಲ್‌ಗೆ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ಆಗಿನ ಲೆನ್ಸ್ ಹಾಕುವ ಮುಂಚೆ ಲೇಸರ್‌ನಿಂದ ಐರಿಸ್‌ಗೆ ತೂತು ಮಾಡಬೇಕಿತ್ತು, ಇಲ್ಲದಿದ್ದರೆ ಕಣ್ಣೊಳಗಿನ ನೀರು ಹರಿಯದೆ ಒತ್ತಡ ಏರುತ್ತಿತ್ತು. ಈಗಿನ ಲೆನ್ಸಿನ ನಡುವೆಯೇ ತೂತಿದೆ, 0.36 ಮಿಲಿಮೀಟರ್. ನೀರು ಅದರಲ್ಲೇ ಹರಿಯುತ್ತದೆ. ಅಷ್ಟು ಸಣ್ಣ ತೂತು ಎಷ್ಟು ತಲೆನೋವು ತಪ್ಪಿಸಿದೆ ಅಂದರೆ, ಅದನ್ನು ಯೋಚಿಸಿದವರಿಗೆ ನಾನಂತೂ ಕೈ ಮುಗಿಯುತ್ತೇನೆ.

ಇರಲಿ, ಕಣ್ಣಿನ ಉದ್ದಕ್ಕೆ ಬರೋಣ. ಸಾಮಾನ್ಯ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಒಂದು ಮಿಲಿಮೀಟರ್ ಉದ್ದ ಜಾಸ್ತಿಯಾದರೆ ಹೆಚ್ಚುಕಮ್ಮಿ ಮೈನಸ್ 3 ನಂಬರ್ ಬರುತ್ತದೆ. ಮೈನಸ್ 10 ಇದ್ದವರ ಕಣ್ಣು 27 ದಾಟಿರಬಹುದು. ಬಲೂನ್ ಊದಿದಷ್ಟೂ ಅದರ ರಬ್ಬರ್ ತೆಳ್ಳಗಾಗುತ್ತದಲ್ಲ, ಒಳಗಿನ ಪರದೆ, ಅಂದರೆ ರೆಟಿನಾ, ಹಾಗೇ ಎಳೆದು ತೆಳ್ಳಗಾಗಿರುತ್ತದೆ. ಅಂಚಿನಲ್ಲಿ ತೂತು ಬೀಳಬಹುದು. ತೂತಿನ ಮೂಲಕ ನೀರು ನುಗ್ಗಿದರೆ ಪರದೆ ಕಳಚಿಕೊಳ್ಳುತ್ತದೆ. ನಾವು ಮುಂದೆ ಎಂಥ ಲೆನ್ಸ್ ಇಟ್ಟರೂ ಹಿಂದಿನ ಆ ಪರದೆ ದಪ್ಪ ಆಗುವುದಿಲ್ಲ.

ಒಬ್ಬ ಹುಡುಗನ ಕಥೆ ಹೇಳಲೇಬೇಕು. ಹಿರಿಯೂರು ಕಡೆಯವನು, ಇಂಜಿನಿಯರಿಂಗ್ ಓದುತ್ತಿದ್ದ. ಮೈನಸ್ 11. ಸೋದರಮಾವನ ಜೊತೆ ಬಂದಿದ್ದ. ಮಾವ ಬಂದವರೇ, "ಡಾಕ್ಟ್ರೇ, ನಾಳೆ ಆಪರೇಷನ್ ಮಾಡಿ, ನಾಡಿದ್ದು ಸಂಜೆ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀವಿ" ಅಂದರು. ಹುಡುಗ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಬಂದಿದ್ದ. ಅದನ್ನು ಕೆಲವು ದಿನ ಬಿಡದೆ ಅಳತೆ ತೆಗೆದರೆ ಕಾರ್ನಿಯಾದ ಅಳತೆ ಸರಿಯಾಗಿ ಬರಲ್ಲ ಅಂದೆ. ಮಾವನ ಮುಖ ಗಂಟಾಯಿತು. ಹೇಗೂ ಬಂದಿದ್ದೀರಿ, ರೆಟಿನಾ ಆದರೂ ನೋಡೋಣ ಅಂತ ಹನಿ ಹಾಕಿಸಿ, ಪಾಪೆ ಅಗಲ ಆದಮೇಲೆ ಮಲಗಿಸಿ, ರೆಪ್ಪೆಯ ಮೇಲೆ ಸಣ್ಣ ಕಡ್ಡಿಯಿಂದ ಒತ್ತಿ ಅಂಚಿನವರೆಗೂ ನೋಡಿದೆ. ಎಡಗಣ್ಣಿನ ಮೇಲಿನ ಅಂಚಲ್ಲಿ ಬಿಳಿ ಗೆರೆಗಳ ಹೆಣಿಗೆ, ಅದರ ನಡುವೆ ಕೆಂಪಗೆ ಒಂದು ದುಂಡನೆ ತೂತು. ಹುಡುಗನಿಗೆ ನೋವಿಲ್ಲ, ಮಬ್ಬಿಲ್ಲ, ಏನೂ ಇಲ್ಲ. ಮಾವ ರೇಗಿಬಿಟ್ಟರು. "ನಂಬರ್ ತೆಗೆಸೋಕೆ ಬಂದ್ರೆ ಇಲ್ಲದ ಕಾಯಿಲೆ ಹುಡುಕಿ ಕೊಟ್ರಲ್ಲ!" ಇಲ್ಲದ್ದಲ್ಲ ಸ್ವಾಮಿ, ಕಾಣದ್ದು. ತೂತಿನ ಸುತ್ತ ಲೇಸರ್ ಹಾಕಿಸಿ, ಅದು ಗಟ್ಟಿಯಾಗಿ ಅಂಟಿದ ಮೇಲೆ, ಅಳತೆಗಳನ್ನೆಲ್ಲ ಸರಿಯಾಗಿ ತೆಗೆದು ಎರಡೂ ಕಣ್ಣಿಗೆ ಐಸಿಎಲ್ ಹಾಕಿದೆ. ಮರುದಿನ ಚಾರ್ಟಿನ ಕೊನೆಯ ಸಾಲನ್ನು ಗಡಗಡ ಓದಿದ. ಓದುತ್ತ ಓದುತ್ತ ಬೆರಳನ್ನು ಮೂಗಿನ ಮೇಲೆ ತಂದು, ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳುತ್ತಿದ್ದ. ಮಾವನಿಗೂ ನಗು ಬಂತು.

ಅಲ್ಲಿಗೆ ಮುಗೀತು ಅಂದುಕೊಂಡಿರಾ? ಆಮೇಲೆ ಆಸಾಮಿ ಪತ್ತೆಯೇ ಇಲ್ಲ. ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಅಮ್ಮನ ಪೊರೆ ಆಪರೇಷನ್‌ಗೆ ಅಂತ ಅವರನ್ನು ಕರೆದುಕೊಂಡು ಬಂದಾಗ ಸಿಕ್ಕಿದ. ನಿನ್ನ ಕಣ್ಣು ತೋರಿಸಿದ್ಯಾ ಅಂದೆ. "ಆಫೀಸಲ್ಲಿ ವರ್ಷಾ ವರ್ಷಾ ಚೆಕಪ್ ಮಾಡ್ತಾರೆ ಸರ್, ನಂಬರ್ ಸೊನ್ನೆ, ಕಣ್ಣು ಫಸ್ಟ್ ಕ್ಲಾಸ್ ಅಂತಾರೆ" ಅಂದ. ಅವರು ಗೋಡೆಯ ಮೇಲಿನ ಅಕ್ಷರ ಓದಿಸಿ ಕಳಿಸಿದ್ದಾರೆ, ಅಷ್ಟೇ. ದಪ್ಪ ಕನ್ನಡಕ ಇದ್ದಿದ್ದರೆ ಯಾರಾದರೂ ರೆಟಿನಾ ತೋರಿಸಪ್ಪ ಅನ್ನುತ್ತಿದ್ದರು. ಕನ್ನಡಕವೇ ಇಲ್ಲದವನಿಗೆ ಯಾರು ಹೇಳಬೇಕು? ಇವನೂ ತಾನು ಮೈನಸ್ 11 ಅನ್ನೋದನ್ನೇ ಮರೆತಿದ್ದ. ಅವತ್ತೇ ಹನಿ ಹಾಕಿಸಿ ಕೂರಿಸಿದೆ. ಬಲಗಣ್ಣಲ್ಲಿ ಹೊಸದೊಂದು ತೂತು. ಅದಕ್ಕೂ ಲೇಸರ್ ಆಯಿತು. ಪುಣ್ಯಕ್ಕೆ ಅಮ್ಮನಿಗೆ ಪೊರೆ ಬಂದಿತ್ತು!

ದಯವಿಟ್ಟು ಕೇಳಿ. ಯಾವ ಕಣ್ಣಿನ ಡಾಕ್ಟರ್ ಹತ್ತಿರ ಹೋದರೂ ಮೊದಲು ಹೇಳಬೇಕಾದ ಮಾತು: ನನಗೆ ಮೈನಸ್ ಇಷ್ಟಿತ್ತು, ಐಸಿಎಲ್ ಆಗಿದೆ, ಹನಿ ಹಾಕಿ ನೋಡಿ. ಹನಿ ಹಾಕಿದರೆ ಕೆಲವು ಗಂಟೆ ಮಬ್ಬಾಗುತ್ತದೆ, ಗಾಡಿ ಓಡಿಸೋಕಾಗಲ್ಲ, ಅದಕ್ಕೇ ಎಲ್ಲರೂ ತಪ್ಪಿಸಿಕೊಳ್ಳೋದು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ ಸ್ವಾಮಿ, ಅರ್ಧ ದಿನದ ಕೆಲಸ.

ಗಾಜಿನಾಚೆ ಕೈ ತೋರಿಸುತ್ತಿದ್ದಾರೆ, ಸಮಯ ಆಗುತ್ತಾ ಬಂತು. ಉಳಿದದ್ದು ಬೇಗ ಹೇಳುತ್ತೇನೆ. 21 ವರ್ಷ ತುಂಬಿರಬೇಕು, ನಂಬರ್ ಒಂದು ವರ್ಷದಿಂದ ಏರದೆ ನಿಂತಿರಬೇಕು. ಕಣ್ಣಿನ ಮುಂಭಾಗದಲ್ಲಿ ಲೆನ್ಸ್ ಕೂರುವಷ್ಟು ಆಳ ಇರಬೇಕು, ಅಲ್ಲಿ ಜಾಗ ಇಲ್ಲ ಅಂತ ಡಾಕ್ಟರ್ ಹೇಳಿದರೆ ಇನ್ನೊಬ್ಬರ ಹತ್ತಿರ ಹೋಗಿ ಜಗಳ ಮಾಡಬೇಡಿ. ಲೆನ್ಸಿನ ಅಳತೆ ಚಿಕ್ಕದಾದರೆ ಒಳಗಿನ ಲೆನ್ಸಿಗೆ ತಾಗಿ ಪೊರೆ ಬರಬಹುದು, ದೊಡ್ಡದಾದರೆ ಒತ್ತಡ ಏರಬಹುದು, ಅದಕ್ಕೇ ಅಷ್ಟೊಂದು ಮಷೀನ್ ಮುಂದೆ ಕೂರಿಸೋದು, ಬಿಲ್ ಏರಿಸೋಕೆ ಅಲ್ಲ. ಲಾಸಿಕ್‌ಗಿಂತ ಖರ್ಚು ಜಾಸ್ತಿ, ನಿಜ. ನಲವತ್ತರ ಮೇಲೆ ಓದೋಕೆ ಕನ್ನಡಕ ಎಲ್ಲರ ಹಾಗೆ ನಿಮಗೂ ಬರುತ್ತದೆ. ಕಣ್ಣು ಉಜ್ಜೋದನ್ನು ಇವತ್ತೇ ಬಿಡಿ.

ಮತ್ತೆ, ಇದ್ದಕ್ಕಿದ್ದಂತೆ ಕಣ್ಣ ಮೂಲೆಯಲ್ಲಿ ಮಿಂಚು ಹೊಡೆದ ಹಾಗಾದರೆ, ಕಪ್ಪು ಚುಕ್ಕೆಗಳು ತುಂಬಾ ತೇಲಾಡಿದರೆ, ಒಂದು ಕಡೆಯಿಂದ ನೆರಳು ಮುಚ್ಚಿಕೊಂಡು ಬಂದರೆ, ಸೋಮವಾರ ಹೋದರಾಯಿತು ಅಂತ ಕಾಯಬೇಡಿ. ಅವತ್ತೇ ರೆಟಿನಾ ನೋಡುವ ಡಾಕ್ಟರ್ ಹತ್ತಿರ ಹೋಗಿ. ಐಸಿಎಲ್ ಆಗಿದ್ದರೂ ಸರಿ, ಆಗಿಲ್ಲದಿದ್ದರೂ ಸರಿ. ನಮಸ್ಕಾರ.