ಮಾರ್ನಿಂಗ್‌ಸೈಡ್ ಉದ್ಯಾನದ ಕೆಳಬಾಗಿಲು

ಕೇಳುಗರಿಗೆ ನಮಸ್ಕಾರ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಎತ್ತರದ ದಿಬ್ಬದ ಮೇಲಿದೆ. ಅದರ ಪೂರ್ವಕ್ಕೆ, ಕಡಿದಾದ ಬಂಡೆಯ ಕೆಳಗೆ, ಆಗ ಹೆಚ್ಚಾಗಿ ಕಪ್ಪು ಜನರೇ ನೆಲೆಸಿದ್ದ ಹಾರ್ಲೆಮ್ ಬಡಾವಣೆ ಹರಡಿಕೊಂಡಿದೆ. ನಡುವಿನ ಇಳಿಜಾರೇ ಮಾರ್ನಿಂಗ್‌ಸೈಡ್ ಉದ್ಯಾನ. ಸಾರ್ವಜನಿಕರದಾದ ಈ ನೆಲದಲ್ಲಿ ತನ್ನ ವ್ಯಾಯಾಮಶಾಲೆ ಕಟ್ಟಲು ವಿಶ್ವವಿದ್ಯಾಲಯವು 1968ರ ಫೆಬ್ರವರಿಯಲ್ಲಿ ಕೆಲಸ ಆರಂಭಿಸಿತು. ಕಟ್ಟಡದ ಬಹುಪಾಲು ವಿದ್ಯಾರ್ಥಿಗಳಿಗೆ, ತಳದ ಸಣ್ಣ ಭಾಗ ಹಾರ್ಲೆಮ್‌ನವರಿಗೆ. ಅವರು ಮೇಲಿನ ಬಾಗಿಲಿಂದ ಬರಬೇಕು, ಇವರು ಕೆಳಗಿನ ಬಾಗಿಲಿಂದ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಸ್ಸು, ಶಾಲೆಗಳಲ್ಲಿ ಕಪ್ಪು ಜನರನ್ನು ಬೇರೆಯಾಗಿಟ್ಟ ಕಾನೂನುಗಳಿಗೆ ‘ಜಿಮ್ ಕ್ರೋ’ ಎಂಬ ಹೆಸರಿತ್ತು. ವ್ಯಾಯಾಮಶಾಲೆಯೂ ‘ಜಿಮ್’ ಆದ್ದರಿಂದ ಪ್ರತಿಭಟನಕಾರರು ಇದನ್ನೂ ಅದೇ ಹೆಸರಿನಿಂದ ಕರೆದರು. ಆ ಮಾತಿನಲ್ಲಿ ಉತ್ಪ್ರೇಕ್ಷೆ ಇತ್ತೆಂದು ನನಗೆ ಅನ್ನಿಸುವುದಿಲ್ಲ.

ಕೆಲಸ ಆರಂಭವಾದ ತಿಂಗಳಲ್ಲೇ ಅಲ್ಲಿ ಪ್ರತಿಭಟಿಸಿದವರ ಬಂಧನವಾಯಿತು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಆ ದುಃಖ ಆರುವ ಮುನ್ನವೇ, ಏಪ್ರಿಲ್ 23ರಂದು, ಆಫ್ರೋ-ಅಮೆರಿಕನ್ ವಿದ್ಯಾರ್ಥಿ ಸಂಘದವರೂ ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ಬಿಳಿಯ ವಿದ್ಯಾರ್ಥಿಗಳೂ ಕೂಡಿ ವಿಶ್ವವಿದ್ಯಾಲಯದ ಹ್ಯಾಮಿಲ್ಟನ್ ಹಾಲ್ ಎಂಬ ಕಟ್ಟಡದೊಳಗೆ ಧರಣಿ ಕುಳಿತರು. ಮರುದಿನ ನಸುಕಿನಲ್ಲಿ ಕಪ್ಪು ವಿದ್ಯಾರ್ಥಿಗಳು ಬಿಳಿಯ ಗೆಳೆಯರಿಗೆ, ನೀವು ಬೇರೆ ಕಟ್ಟಡ ಹಿಡಿಯಿರಿ, ಇದನ್ನು ನಮಗೆ ಬಿಡಿ ಎಂದರು. ಇದನ್ನು ಒಡಕೆಂದು ಕಂಡವರುಂಟು. ನಾನು ಹಾಗೆ ಕಾಣಲಾರೆ. ತಮ್ಮ ಬೇಡಿಕೆ ಹಾರ್ಲೆಮ್‌ನ ಬೇಡಿಕೆಯೆಂಬುದು, ತಮ್ಮ ಒಂದೊಂದು ನಡೆಗೂ ಆ ಜನರ ಮುಂದೆ ಉತ್ತರ ಹೇಳಬೇಕೆಂಬುದು ಅವರಿಗೆ ತಿಳಿದಿತ್ತು. ಕಟ್ಟಡಕ್ಕೆ ಅವರು ಕಪ್ಪು ಜನರ ಹೋರಾಟದ ನಾಯಕ ಮಾಲ್ಕಂ ಎಕ್ಸ್ ಹೆಸರಿಟ್ಟರು, ಅದನ್ನು ಚೊಕ್ಕಟವಾಗಿ ನೋಡಿಕೊಂಡರು. ಹಾರ್ಲೆಮ್‌ನ ಮನೆಗಳಿಂದ ಅವರಿಗೆ ಊಟ ಬಂತು. ಇವರನ್ನು ಮುಟ್ಟಿದರೆ ಹಾರ್ಲೆಮ್ ದಿಬ್ಬವೇರಿ ಬರಬಹುದೆಂಬ ಭಯ ಆಡಳಿತವನ್ನು ಕಾಡಿತು.

ಏಪ್ರಿಲ್ 30ರ ನಸುಕಿನಲ್ಲಿ ಪೊಲೀಸರು ಬಂದರು. ಬೇರೆ ಕಟ್ಟಡಗಳಲ್ಲಿ ಲಾಠಿ ಬೀಸಿದರು, ರಕ್ತ ಹರಿಯಿತು. ಒಟ್ಟು 700ಕ್ಕೂ ಹೆಚ್ಚು ಮಂದಿ ಬಂಧಿತರಾದರು. ಹ್ಯಾಮಿಲ್ಟನ್ ಹಾಲ್‌ನ 86 ಕಪ್ಪು ವಿದ್ಯಾರ್ಥಿಗಳು ಮಾತ್ರ ವಕೀಲರ ಸಮಕ್ಷಮದಲ್ಲಿ, ಒಬ್ಬರಿಗೂ ಪೆಟ್ಟಾಗದಂತೆ, ಸಾಲಾಗಿ ನಡೆದು ಬಂಧನಕ್ಕೊಳಗಾದರು. ಆ ವಸಂತದ ಕಥೆ ಹೇಳುವಾಗ ಗಲಭೆಯ ಚಿತ್ರಗಳೇ ಮುಂದಾಗಿ ಈ ನಡಿಗೆ ಹಿಂದೆ ಸರಿದಿರುವುದು ನನಗೆ ನೋವಿನ ಸಂಗತಿ.

ವಿಶ್ವವಿದ್ಯಾಲಯದ ಅಧ್ಯಕ್ಷ ಗ್ರೇಸನ್ ಕರ್ಕ್ ಆಗಸ್ಟ್‌ನಲ್ಲಿ ಹುದ್ದೆ ಬಿಟ್ಟರು. ವ್ಯಾಯಾಮಶಾಲೆಯನ್ನು ವಿಶ್ವವಿದ್ಯಾಲಯ ಮುಂದೆ ತನ್ನ ಆವರಣದೊಳಗೇ ಕಟ್ಟಿಕೊಂಡಿತು. ಉದ್ಯಾನದಲ್ಲಿ ಅಗೆದ ಗುಂಡಿ ವರ್ಷಗಟ್ಟಲೆ ಹಾಗೆಯೇ ಬಿದ್ದಿದ್ದು, ಈಗ ಅಲ್ಲೊಂದು ಕೊಳವಿದೆ.