ಅಲ್ಲಿಯೇ ಸುರಿದು ಬನ್ನಿ

ಕೇಳುಗರಿಗೆ ನಮಸ್ಕಾರ. ಸಿಂಧನೂರು, ಮಾನ್ವಿ ಕಡೆ ಅಕ್ಕಿ ಮಿಲ್ ಮುಂದೆ ಹಮಾಲರು ಲಾರಿಗೆ ಚೀಲ ಏರಿಸುವುದನ್ನು ನೋಡಿದ್ದೀರಿ, ಅಲ್ವಾ? ಕೊಕ್ಕೆ ಹಾಕಿ ಎಳೆದಾಗ ಚೀಲ ಹರಿದು ನಾಲ್ಕು ಕಾಳು ಉದುರುತ್ತವೆ. ಸಂಜೆ ಯಾರೋ ಅಜ್ಜಿ ಬಂದು ಅದನ್ನೆಲ್ಲ ಗುಡಿಸಿ, ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. 12ನೇ ಶತಮಾನದಲ್ಲಿ ಹೀಗೆ ಅಕ್ಕಿ ಆಯುತ್ತಿದ್ದ ಶರಣರೊಬ್ಬರು ನಮ್ಮ ರಾಯಚೂರು ಜಿಲ್ಲೆಯವರೇ. ಆಯ್ದಕ್ಕಿ ಮಾರಯ್ಯ. ಹೆಂಡತಿ ಲಕ್ಕಮ್ಮ. ಊರು ಲಿಂಗಸುಗೂರು ತಾಲೂಕಿನ ಅಮರೇಶ್ವರ.

ಇಬ್ಬರೂ ಬಸವಣ್ಣನವರ ಕಲ್ಯಾಣಕ್ಕೆ ಹೋದರು. ಅಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯ್ದು ತರುವುದು, ಲಕ್ಕಮ್ಮ ಅಡಿಗೆ ಮಾಡುವುದು, ಜಂಗಮರಿಗೆ ಬಡಿಸಿ ಉಳಿದದ್ದನ್ನು ತಾವು ಉಣ್ಣುವುದು. ದಿನಾ ಇಷ್ಟೇ. ಒಂದು ದಿನ ಅಕ್ಕಿ ಜಾಸ್ತಿ ಬಂತು. ನಾವಾಗಿದ್ದರೆ ನಾಳೆಗಾಯ್ತು ಅಂತ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡುತ್ತಿದ್ದೆವು. ಲಕ್ಕಮ್ಮ ಗಂಡನ ಮುಖ ನೋಡಿ ಕೇಳಿದರು, ‘ಈಸಕ್ಕಿಯಾಸೆ ನಿಮಗೇಕೆ?’ ಇಷ್ಟೊಂದು ಅಕ್ಕಿಯ ಆಸೆ ಯಾಕೆ ಅಂತ. ಅಷ್ಟಕ್ಕೇ ಬಿಡಲಿಲ್ಲ. ಒಮ್ಮನ ಮೀರಿ ಇಮ್ಮನದಲ್ಲಿ ತಂದಿದ್ದೀರಿ, ಅಲ್ಲಿಯೇ ಸುರಿದು ಬನ್ನಿ ಅಂದರು.

ಈ ‘ಇಮ್ಮನ’ ಅನ್ನೋ ಮಾತು ಸ್ವಲ್ಪ ಕೇಳಿ. ಒಮ್ಮನ ಅಂದರೆ ಒಂದೇ ಮನಸ್ಸು, ದೇವರ ಕಡೆ ಇದ್ದದ್ದು. ಇಮ್ಮನ ಅಂದರೆ ಅರ್ಧ ದೇವರ ಕಡೆ, ಅರ್ಧ ಚೀಲದ ಕಡೆ. ಲಕ್ಕಮ್ಮನಿಗೆ ಅಕ್ಕಿಯ ಮೇಲೆ ಸಿಟ್ಟಿರಲಿಲ್ಲ ರೀ, ಗಂಡನ ಮನಸ್ಸು ಎರಡಾಯಿತಲ್ಲ ಅಂತ ಸಂಕಟ. ಒಂದೇ ಕಡೆ ನಿಂತ ಮನಸ್ಸಿಗೆ ‘ಸಾಕು’ ಅನ್ನೋದು ಗೊತ್ತಾಗುತ್ತದೆ. ಎರಡಾದ ಮನಸ್ಸಿಗೆ ಗೋದಾಮು ತುಂಬಿದರೂ ಗೊತ್ತಾಗಲ್ಲ.

ನನ್ನದೇ ಹೇಳುತ್ತೇನೆ. ಊರ ಹೊರಗೆ ಎರಡನೇ ಸೈಟು ತೆಗೆದುಕೊಂಡೆ. ಆಮೇಲೆ ಎರಡು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಅದರ ನಾಲ್ಕು ಕಲ್ಲು ಎಣಿಸಿ ಬರುವುದೇ ಕೆಲಸ. ಪೂಜೆಗೆ ಕೂತು ಗಂಟೆ ಅಲ್ಲಾಡಿಸುತ್ತಿದ್ದರೂ ತಲೆಯಲ್ಲಿ ಅದೇ ಕಲ್ಲು, ಯಾರಾದರೂ ಒತ್ತಿ ನೆಟ್ಟಿದ್ದಾರೋ ಏನೋ ಅಂತ. ಗಂಟೆ ಬಾರಿಸಿದ್ದೇನೋ ಹೌದು, ದೇವರ ಮುಂದೆ ನಾನಿರಲೇ ಇಲ್ಲ. ಕೊನೆಗೆ ಮನೆಯವಳೇ ಅಂದಳು, ‘ಆ ಕಲ್ಲಿಗೇ ಮಂಗಳಾರತಿ ಮಾಡಿ ಬರ್ರಿ.’

ಕೆಲವರು ಕೇಳುತ್ತಾರೆ, ದುಡ್ಡಿಲ್ಲದೆ ಸಂಸಾರ ನಡೆಯುತ್ತದಾ ಸರ್ ಅಂತ. ಅಯ್ಯೋ, ಲಕ್ಕಮ್ಮ ಅಕ್ಕಿಯೇ ಬೇಡ ಅಂದರಾ? ದಿನದ್ದು ತನ್ನಿ ಅಂದರು. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೂ ಸಾಕಾಗಿದೆ.

ನವಕೋಟಿ ನಾರಾಯಣ ಅನ್ನಿಸಿಕೊಂಡವರು ಎಲ್ಲ ಬಿಟ್ಟು ತಂಬೂರಿ ಹಿಡಿದು ಪುರಂದರದಾಸರಾದದ್ದು, ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಯವರು ರೊಟ್ಟಿ ಹೊತ್ತು ತರುವುದು, ಎರಡನ್ನೂ ಬರೆದುಕೊಂಡು ಬಂದಿದ್ದೆ. ಆದರೆ ಸ್ಟುಡಿಯೋ ಗಾಜಿನ ಆ ಕಡೆಯಿಂದ ಟೈಮ್ ಆಯ್ತು ಅಂತ ಕೈ ಮಾಡುತ್ತಿದ್ದಾರೆ. ಲಿಂಗಸುಗೂರು ಕಡೆ ಹೋದರೆ ಅಮರೇಶ್ವರಕ್ಕೆ ಹೋಗಿ ಬನ್ನಿ. ಕಾಯಿ ಒಡೆಸಿ. ಸೈಟು, ಪ್ರಮೋಷನ್ನು ಏನೂ ಕೇಳಬೇಡಿ, ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ನಮಸ್ಕಾರ.