‘ಡೇಟಾ ಈಸ್’ ಎಂದರೆ ತಪ್ಪೇ?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಇಂಗ್ಲಿಷ್ ಅಧ್ಯಾಪಕರು ಇಷ್ಟು ಜನ ಸೇರಿರುವಾಗ, ನಮ್ಮ ಕೆಂಪು ಶಾಯಿ ಆಗಾಗ ಅನ್ಯಾಯ ಮಾಡುವ ಒಂದು ಜಾಗದ ಬಗ್ಗೆ ಹೇಳಲೇಬೇಕು. ವಿದ್ಯಾರ್ಥಿ ‘ಡೇಟಾ ಈಸ್’ ಎಂದು ಬರೆದರೆ ನಾವು ‘ಈಸ್’ ಹೊಡೆದುಹಾಕಿ ‘ಆರ್’ ಬರೆಯುತ್ತೇವೆ. ಡೇಟಾ ಎಂಬುದು ಲ್ಯಾಟಿನ್ನಿನ ಡೇಟಮ್‌ನ ಬಹುವಚನ ಎಂಬುದು ನಮ್ಮ ಸಮರ್ಥನೆ. ನಿಜವೇ. ಆದರೆ ಅಜೆಂಡಾ ಕೂಡ ಅಜೆಂಡಮ್‌ನ ಬಹುವಚನ. ಒಪೆರಾ ಹುಟ್ಟಿದ್ದು ಓಪಸ್‌ನ ಬಹುವಚನದಿಂದ, ಸ್ಟ್ಯಾಮಿನಾ ಹುಟ್ಟಿದ್ದು ಸ್ಟೇಮನ್‌ನ ಬಹುವಚನದಿಂದ. ಇವುಗಳ ಮುಂದೆ ‘ಆರ್’ ಬರೆಯಿರಿ ಎಂದು ಯಾವ ಅಧ್ಯಾಪಕರೂ ಹೇಳಿದ್ದನ್ನು ನಾನು ಕೇಳಿಲ್ಲ.

ಲ್ಯಾಟಿನ್ ಈ ಊರಿಗೆ ಹೊಸದಲ್ಲ. ಇಲ್ಲಿನ ಇಗರ್ಜಿಗಳಲ್ಲಿ 1960ರ ದಶಕದವರೆಗೂ ಬಲಿಪೂಜೆ ಆ ಭಾಷೆಯಲ್ಲೇ ನಡೆಯುತ್ತಿತ್ತು. ಅದರ ನಪುಂಸಕಲಿಂಗದ ಬಹುವಚನ ‘ಆ’ ಎಂದು ಕೊನೆಗೊಳ್ಳುತ್ತದೆ. ಮೂಲದಲ್ಲಿ ಈ ಪ್ರತ್ಯಯ ಹೇಳುತ್ತಿದ್ದುದು ಬಿಡಿ ವಸ್ತುಗಳ ಎಣಿಕೆಯನ್ನಲ್ಲ, ಒಟ್ಟು ರಾಶಿಯನ್ನು ಎಂದು ಭಾಷಾ ಇತಿಹಾಸಕಾರರು ವಿವರಿಸುತ್ತಾರೆ. ಪ್ರಾಚೀನ ಗ್ರೀಕಿನಲ್ಲಂತೂ ನಪುಂಸಕ ಬಹುವಚನಕ್ಕೆ ಏಕವಚನದ ಕ್ರಿಯಾಪದವೇ ವ್ಯಾಕರಣಬದ್ಧ! ಲ್ಯಾಟಿನ್ನಿನಲ್ಲಿ ಎಲೆಗೆ ಫೋಲಿಯಮ್, ಎಲೆಗಳಿಗೆ ಫೋಲಿಯಾ. ಆ ಫೋಲಿಯಾದಿಂದಲೇ ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳಲ್ಲಿ ಒಂದು ಎಲೆಯನ್ನು ಸೂಚಿಸುವ ಸ್ತ್ರೀಲಿಂಗ ಏಕವಚನ ಪದಗಳು ಬಂದವು. ಇಂಗ್ಲಿಷ್ ಇಂದು ಡೇಟಾಕ್ಕೆ ಮಾಡುತ್ತಿರುವುದನ್ನು ಲ್ಯಾಟಿನ್ನಿನ ಸ್ವಂತ ಮಕ್ಕಳೇ ಎಂದೋ ಮಾಡಿ ಮುಗಿಸಿದ್ದಾರೆ.

ಹಾಗಾಗಿ ಮಾತನಾಡುವವರ ಕಣ್ಣಿಗೆ ಕಾಣುವುದು ರಾಶಿಯೋ ಬಿಡಿಬಿಡಿಯೋ ಎಂದು ಕೇಳಬೇಕು. ನಮ್ಮ ಮೀನುಗಾರಿಕಾ ಧಕ್ಕೆಗೆ ದೋಣಿ ತಲುಪಿದಾಗ ‘ಬಂಗುಡೆ ಬಂದಿದೆ’ ಎನ್ನುತ್ತೇವೆ. ಬುಟ್ಟಿಗಟ್ಟಲೆ ಇದ್ದರೂ ಯಾರೂ ‘ಬಂಗುಡೆಗಳು ಬಂದಿವೆ’ ಎನ್ನುವುದಿಲ್ಲ. ಮೊಬೈಲಿನ ಡೇಟಾ ಮುಗಿದಾಗ ಮುಗಿಯುವುದೂ ಅಂಥದೇ ರಾಶಿ. ಅಲ್ಲಿ ‘ಆರ್’ ಬಲವಂತದ ಮಾತು. ಪ್ರಯೋಗಾಲಯದಲ್ಲಿ ಒಂದೊಂದೇ ಅಳತೆಯನ್ನು ಬರೆದುಕೊಳ್ಳುವವರಿಗೆ ‘ಆರ್’ ಸಹಜ. ಅಮೆರಿಕದ ಮನಃಶಾಸ್ತ್ರ ಸಂಘದ ಕೈಪಿಡಿ ಬಹುವಚನ ಕೇಳುತ್ತದೆ, ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಏಕವಚನ ಬಳಸುತ್ತದೆ. ಎರಡೂ ಸಭ್ಯ ಇಂಗ್ಲಿಷ್.

ಮೀಡಿಯಮ್‌ನ ಬಹುವಚನವಾದ ಮೀಡಿಯಾ ವಿಷಯದಲ್ಲಿ ಮಾತ್ರ ನಾನು ಬಹುವಚನದ ಪಕ್ಷ. ಪತ್ರಿಕೆಗಳು, ವಾಹಿನಿಗಳು, ಆಕಾಶವಾಣಿ ಒಂದೇ ಬಾಯಿಂದ ಮಾತನಾಡುವುದಿಲ್ಲ. ಏಕವಚನ ಬಳಸಿದರೆ ಒಬ್ಬರ ತಪ್ಪು ಎಲ್ಲರ ತಲೆಗೂ ಬರುತ್ತದೆ. ನಮ್ಮ ಪತ್ರಿಕೆಗಳು ‘ಮಾಧ್ಯಮಗಳು ವರದಿ ಮಾಡಿವೆ’ ಎಂದು ಬರೆಯುವ ರೂಢಿ ನನಗೆ ತುಂಬ ಇಷ್ಟ.

‘ಆ’ ಕಂಡಲ್ಲೆಲ್ಲ ಬಹುವಚನ ಹುಡುಕುವುದೂ ಅಪಾಯ. ಪ್ರೊಪಗಾಂಡಾ ಎಂದೂ ಬಹುವಚನವಾಗಿರಲಿಲ್ಲ. 1622ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಧರ್ಮಪ್ರಸಾರ ಮಂಡಳಿಯ ಹೆಸರಿನಿಂದ ಬಂದ ಆ ಪದ ಅಲ್ಲಿಯೂ ಏಕವಚನವೇ.

ಹಾಗಾದರೆ ಎಲ್ಲವೂ ಸರಿಯೇ? ಇಲ್ಲ. ಗ್ರೀಕ್ ಮೂಲದ ಕ್ರೈಟೀರಿಯಾ, ಫಿನಾಮಿನಾ ಇನ್ನೂ ಎಣಿಸುವ ಪದಗಳು. ಮೂರು ಮಾನದಂಡಗಳನ್ನು ಪಟ್ಟಿ ಮಾಡಿ ‘ಕ್ರೈಟೀರಿಯಾ ಈಸ್’ ಎಂದು ಬರೆದರೆ ತಿದ್ದಲೇಬೇಕು. ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಒಬ್ಬರೇ ನಿಂತು ತಾವು ‘ಆ್ಯನ್ ಅಲುಮ್ನೈ’ ಎಂದರೆ ಅದೂ ಸಲ್ಲದು. ಗಂಡಾದರೆ ಅಲುಮ್ನಸ್, ಹೆಣ್ಣಾದರೆ ಅಲುಮ್ನಾ. ‘ದೀಸ್ ಡೇಟಾ ಈಸ್’ ಎಂಬ ಕಲಬೆರಕೆಗೂ ಅಂಕ ಕಳೆಯಿರಿ. ಆದರೆ ‘ದಿಸ್ ಡೇಟಾ ಈಸ್’ ಎಂದು ಕೊನೆಯವರೆಗೂ ಒಂದೇ ರೀತಿ ಬರೆದ ಮಗುವಿಗೆ ಪೂರ್ಣ ಅಂಕ ಕೊಡಿ ಎಂದು ಕೈಮುಗಿದು ಕೇಳುತ್ತೇನೆ.